ತಟ್ಟಪ್ಪನ ಎರವಲು ಕಿವಿ

ಆ ಗಾರೆ ಮೇಸ್ತ್ರಿಯನ್ನು ಎಲ್ಲರೂ ಕರೆಯುತ್ತಿದ್ದುದು ತಟ್ಟಪ್ಪ ಎಂದೇ. ಯಾವ ಮನೆಗೆ ಹೋದರೂ ಅವನು ಮೊದಲು ಸುತ್ತಿಗೆಯ ಹಿಡಿಯಿಂದ ನೆಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದ. ನೆಲ ಗಟ್ಟಿಯಿದ್ದರೆ ಒಂದು ದನಿ, ಅಡಿಯಲ್ಲಿ ಪೊಳ್ಳಿದ್ದರೆ ಇನ್ನೊಂದು. ನಲವತ್ತು ವರ್ಷ ಆ ಕಿವಿಯೇ ಅವನಿಗೆ ಅನ್ನ ಹಾಕಿತ್ತು. ಈಗೊಂದು ವರ್ಷದಿಂದ ಎಲ್ಲ ದನಿಯೂ ಒಂದೇ ಥರ ಕೇಳಿಸತೊಡಗಿತ್ತು. ಅದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಗಂತೂ ಗುಮಾನಿಯೇ ಬಂದಿರಲಿಲ್ಲ. ತಾನು ಕೂಗಿದ್ದು ಈ ಗಂಡಸಿಗೆ ಮದುವೆಯಾದ ದಿನದಿಂದಲೂ ಕೇಳಿಸಿದ್ದಿಲ್ಲ ಎಂದು ಅವಳು ಸುಮ್ಮನಿದ್ದಳು.

ಆ ಸಲ ಕರೆ ಬಂದದ್ದು ಒಂದು ನೆಲಮಾಳಿಗೆಯ ಕೆಲಸಕ್ಕೆ. ನೆಲದಡಿಯ ಬಚ್ಚಲ ಪೈಪು ಒಡೆದಿತ್ತು. ಪ್ಲಂಬರ್‌ಗಳು ಕೋಣೆಗೆ ಅಡ್ಡಲಾಗಿ ಕಾಂಕ್ರೀಟ್ ಕೊರೆದು, ಮೊಣಕಾಲಾಳ ಕಾಲುವೆ ತೋಡಿ, ಹೊಸ ಪೈಪು ಹಾಕಿ, ಮಣ್ಣನ್ನು ಗುಡ್ಡೆ ಹಾಕಿ ಬಿಟ್ಟು ಹೋಗಿದ್ದರು. ಕಾಲುವೆಯ ಆಚೆ ಬಚ್ಚಲು, ಈಚೆ ಮಂಚ. ಮಂಚದ ಮೇಲೆ ಎಂಬತ್ತು ದಾಟಿದ ಹಿರಿಯಮ್ಮ. ಬಚ್ಚಲಿಗೆ ಹೋಗಬೇಕಾದಾಗಲೆಲ್ಲ ಸೊಸೆ ಅವರ ಕೈ ಹಿಡಿದು ಹಲಗೆಯ ಮೇಲೆ ದಾಟಿಸಬೇಕಿತ್ತು. ಅವರಿಗೆ ಕಣ್ಣು ಮಂಜು, ಮಾತು ಕಡಿಮೆ, ಕಿವಿ ಮಾತ್ರ ಇಡೀ ಮನೆಗೆ ಕಾವಲು. ಮೇಲೆ ಹಾಲು ಉಕ್ಕುವ ಮೊದಲೇ ಅತ್ತೆ ಇಲ್ಲಿಂದ ಕೂಗುತ್ತಾರೆ ಎಂದಳು ಸೊಸೆ, ಹೊಗಳಿಕೆಯೋ ದೂರೋ ತಿಳಿಯದ ಹಾಗೆ.

ತಟ್ಟಪ್ಪ ಕಾಲುವೆಯ ಎರಡೂ ಅಂಚಿನ ಹಳೆಯ ನೆಲವನ್ನು ತಟ್ಟಿಕೊಂಡು ಬಂದ. ಅವನಿಗೆ ಎಲ್ಲ ಕಡೆಯೂ ಒಂದೇ ದನಿ. ಸೋರಿದ ನೀರು ಅಡಿಯ ಮಣ್ಣನ್ನು ಕೊಚ್ಚಿಕೊಂಡು ಹೋಗಿದ್ದರೆ ಮೇಲೆ ಎಷ್ಟು ಮೆತ್ತಿದರೂ ಒಂದು ದಿನ ಕುಸಿಯುತ್ತದೆ. ಆ ದಿನ ಅದರ ಮೇಲೆ ಕಾಲಿಡುವವರು ಈ ಹಿರಿಯಮ್ಮನೇ. ಅದು ಗೊತ್ತಿದ್ದೂ, ಸೊಸೆ ಹೇಗಿದೆ ಎಂದು ಕೇಳಿದಾಗ, "ಕಲ್ಲಿದ್ದ ಹಾಗಿದೆ" ಎಂದುಬಿಟ್ಟ.

ಸೊಸೆ ಮೆಟ್ಟಿಲು ಹತ್ತಿ ಹೋಗುವವರೆಗೆ ಹಿರಿಯಮ್ಮ ಕಾದರು. ಆಮೇಲೆ ಅವನನ್ನು ಹತ್ತಿರ ಕರೆದರು.

"ಬಚ್ಚಲ ಬಾಗಿಲ ಹತ್ರ ಇನ್ನೊಂದ್ಸಲ ತಟ್ಟು. ಅಲ್ಲಿ ಖಾಲಿ ಡಬ್ಬ ತಟ್ಟಿದ ಹಾಗಿತ್ತು."

ಅವನ ಮುಖ ಬಿಗಿಯಿತು. ಮಂಚದ ಮೇಲಿನಿಂದ ತನಗೆ ಪಾಠವೇ? ಸಿಟ್ಟಿನಲ್ಲೇ ಒಂದು ಕಬ್ಬಿಣದ ಸರಳು ತೆಗೆದು, ಕಾಲುವೆಯೊಳಗಿಂದ ಆ ಅಂಚಿನ ಅಡಿಗೆ ತೂರಿಸಿದ. ಸರಳು ತಡೆಯಿಲ್ಲದೆ ಒಂದು ಮೊಳ ಒಳಗೆ ಹೋಯಿತು. ಅವನು ಅಲ್ಲೇ ಕೂತುಬಿಟ್ಟ.

"ಕಿವಿ ಕೈಕೊಟ್ಟಿದೆ ಅಮ್ಮ. ಹೊರಗೆ ಗೊತ್ತಾದ್ರೆ ನನ್ನನ್ನ ಯಾರೂ ಕೆಲಸಕ್ಕೆ ಕರೆಯಲ್ಲ."

"ನನಗೆ ಕಣ್ಣು ಕೈಕೊಟ್ಟು ಆರು ವರ್ಷ ಆಯ್ತು. ಸೂಜಿಗೆ ದಾರ ಪೋಣಿಸಿಕೊಡು ಅಂತ ಸೊಸೇನ ಕೇಳ್ತೀನಿ. ನನ್ನ ಮರ್ಯಾದೆ ಹೋಯ್ತಾ? ನೀನು ತಟ್ಟು, ನಾನು ಕೇಳ್ತೀನಿ."

ಅವನು ಗೇಣಿಗೊಮ್ಮೆ ತಟ್ಟುತ್ತ ಬಂದ. ಪೊಳ್ಳು ಕೇಳಿಸಿದಲ್ಲಿ ಹಿರಿಯಮ್ಮ ಊರುಗೋಲು ಅಲ್ಲಾಡಿಸಿದರು, ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆಯೊಳಗಿನ ನೆಲವನ್ನೆಲ್ಲ ಒಡೆದು ತೆಗೆದ. ಕೆಳಗೆ ಬಂದ ಸೊಸೆ, ಇದ್ದ ಹೊಂಡ ಸಾಲದೆಂಬಂತೆ ಇನ್ನಷ್ಟು ಒಡೆದದ್ದು ಕಂಡು ಸೊಂಟದ ಮೇಲೆ ಕೈಯಿಟ್ಟಳು. ಹಿರಿಯಮ್ಮ ಏನೋ ಹೇಳಿ ಮುಚ್ಚಿಹಾಕಲು ನೋಡಿದರು. ತಟ್ಟಪ್ಪ ಬಿಡಲಿಲ್ಲ.

"ನನಗೆ ಸರಿಯಾಗಿ ಕೇಳಿಸದೇನೇ ಕಲ್ಲು ಅಂದುಬಿಟ್ಟೆ ತಾಯಿ. ಅಮ್ಮ ಕೇಳಿ ಹೇಳಿದ್ರು."

ಸೊಸೆ ಸೊಂಟದಿಂದ ಕೈ ತೆಗೆದಳು. "ಹಾಲು ಕಾದಿದ್ದಾಯ್ತು, ಈಗ ನೆಲಾನೂ ಕಾಯ್ತೀರಾ ಅತ್ತೆ?" ಎಂದು ಮೇಲೆ ಹೋಗಿ, ಮೇಸ್ತ್ರಿಗೆ ಕುಡಿಯಲು ನೀರು ತಂದಿಟ್ಟಳು.

ಪೈಪಿನ ಸುತ್ತ ಮರಳು, ಅದರ ಮೇಲೆ ನಾಲ್ಕು ಬೆರಳು ಮಣ್ಣು, ನೀರು ಚಿಮುಕಿಸಿ, ಮಣ್ಣು ಗಟ್ಟಿ ಕೂರುವಂತೆ ದಿಮ್ಮಸಿನ ಏಟು. ಏಟಿನ ದನಿ ಕೇಳಿ ಹಿರಿಯಮ್ಮ ಸಾಕೆಂದ ಮೇಲೆಯೇ ಮುಂದಿನ ಪದರ. ಹಳೆಯ ಕಾಂಕ್ರೀಟಿನ ಅಂಚಿಗೆ ತೂತು ಕೊರೆದು ಕಂಬಿ ಕೂರಿಸಿದ. ಮಣ್ಣಿನ ಮೇಲೆ ಜಲ್ಲಿ ಹರಡಿ, ತೇವ ಏರದಂತೆ ಪ್ಲಾಸ್ಟಿಕ್ ಹಾಳೆ ಹಾಸಿದ. ಕಾಂಕ್ರೀಟ್ ಸುರಿದು, ಹಳೆಯ ನೆಲಕ್ಕೂ ಹೊಸದಕ್ಕೂ ಕೂದಲೆಳೆಯಷ್ಟೂ ಏರುಪೇರಿಲ್ಲದಂತೆ ಸಮ ಮಾಡಿದ. ಏಳು ದಿನ ಒದ್ದೆ ಗೋಣಿ ಹೊದಿಸಿದ್ದಾಯಿತು.

ಎಂಟನೆಯ ದಿನ ಹಿರಿಯಮ್ಮ ಯಾರ ಕೈಯನ್ನೂ ಹಿಡಿಯದೆ ಬಚ್ಚಲ ಬಾಗಿಲವರೆಗೆ ನಡೆದರು. ನಡುವೆ ನಿಂತು ಊರುಗೋಲಿನಿಂದ ಒಮ್ಮೆ ಕುಟ್ಟಿದರು.

"ಈಗ ಕಲ್ಲು," ಎಂದರು.

ತಟ್ಟಪ್ಪ ಕೈ ಮುಗಿದ. ಅವರಿಗೆ ಅದು ಕಾಣುವುದಿಲ್ಲವೆಂದು ಹೊಳೆದು, ಹತ್ತಿರ ಹೋಗಿ ಬಾಯಿಬಿಟ್ಟೇ ಹೇಳಿದ: "ನಿಮ್ಮಿಂದ ನನ್ನ ಕೆಲಸ ಉಳೀತು ಅಮ್ಮ."

ಜನ ಈಗಲೂ ಅವನನ್ನು ಕರೆಯುತ್ತಾರೆ. ಹೋದ ಮನೆಯಲ್ಲೆಲ್ಲ ಅವನು ಚೀಲ ಕೆಳಗಿಡುವ ಮೊದಲೇ, ಇಲ್ಲಿ ಕಿವಿ ಚುರುಕಾಗಿರುವವರು ಯಾರು ಎಂದು ಕೇಳುತ್ತಾನೆ. ಯಾರಾದರೊಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ. ಅವನು ತಟ್ಟುತ್ತಾನೆ, ಅವರು ತಲೆ ವಾಲಿಸುತ್ತಾರೆ.