ಎಳೆದರೆ ಬಿಚ್ಚುವ ಗಂಟು

ನೆನಪನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಹಾಗೆಂದೇ ದಿನಚರಿ ಬರೆಯುವುದು. ಆದರೂ ಆ ಗಂಟಿನ ಉಪಾಯ ನನ್ನದೇ ಎಂದು ಮೂರು ತಿಂಗಳು ನಂಬಿದ್ದೆ.

ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪಿರಿಯಾಪಟ್ಟಣ ದಾಟಿ ಕೊಪ್ಪದ ಕಡೆಗಿರುವ ನಮ್ಮೂರಿನಲ್ಲಿ ಅಣ್ಣ ಅತ್ತಿಗೆ ಹೊಗೆಸೊಪ್ಪು, ಮುಸುಕಿನ ಜೋಳ ಬೆಳೆಯುತ್ತಾರೆ. ಮೈಸೂರಿನ ನನ್ನ ಗೆಳತಿಯೊಬ್ಬಳು ಫೋನಿನಲ್ಲಿ ಕೇಳುವ ನಾಟಕಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾಳೆ. ಈ ಬೇಸಿಗೆಯಲ್ಲಿ ಅವಳಿಗೊಂದು ನಾಟಕ ಬರೆದುಕೊಟ್ಟೆ. ಚಂದ್ರನ ಮೇಲೊಂದು ಬೀಜದ ಉಗ್ರಾಣ. ಭೂಮಿಯಲ್ಲಿ ಕಣ್ಮರೆಯಾದ ತಳಿಗಳೆಲ್ಲ ಅಲ್ಲಿವೆ. ಅವನ್ನು ದೋಚಲು ಒಬ್ಬ ಯಜಮಾನಿ, ಅವಳ ಬಂಟ ಬರುತ್ತಾರೆ. ಉಗ್ರಾಣ ಕಾಯುವವಳನ್ನು ಒತ್ತೆಯಾಳಾಗಿ ಇಟ್ಟುಕೊಳ್ಳುತ್ತಾರೆ. ಅವಳ ಕೈಗೆ ನಾನು ಕಾಂತದ ಬೇಡಿ ಹಾಕಿಸಿದ್ದೆ. ಕೊನೆಗೆ ಒಂದು ಯಂತ್ರಮಾನವ ಬಂದು ಬಿಡಿಸುತ್ತಿತ್ತು.

ಯಜಮಾನಿಯ ದನಿ ನನ್ನದು, ಬಂಟನದು ಅಣ್ಣನದು, ಒತ್ತೆಯಾಳು ಅತ್ತಿಗೆ. ದನಿ ಮುದ್ರಿಸಿಕೊಂಡದ್ದು ನಮ್ಮ ಬ್ಯಾರನ್ನಿನಲ್ಲಿ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಎತ್ತರದ ಇಟ್ಟಿಗೆ ಕೋಣೆ ಅದು. ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದೆ. ಗೋಡೆ ದಪ್ಪ, ಕಿಟಕಿ ಇಲ್ಲ, ಹೊರಗಿನ ಟ್ರ್ಯಾಕ್ಟರಿನ ಸದ್ದು ಒಳಗೆ ಬರುವುದಿಲ್ಲ. ಮಾತು ಗುಂಯ್‌ಗುಡದಿರಲೆಂದು ಸೊಪ್ಪಿನ ಕಡ್ಡಿ ಜೋಡಿಸುವ ಅಡ್ಡಮರಗಳ ಮೇಲೆ ಮನೆಯ ಕಂಬಳಿಗಳನ್ನೆಲ್ಲ ಇಳಿಬಿಟ್ಟೆವು. ಒಲೆಯಿಂದ ಬರುವ ತಗಡಿನ ಕೊಳವೆಯನ್ನು ಅಣ್ಣ ಬೆರಳಿನಲ್ಲಿ ಬಡಿದರೆ ಆಕಾಶನೌಕೆಯ ಬಾಗಿಲು ಮುಚ್ಚುತ್ತಿತ್ತು.

ನಾಟಕ ಹೊರಬಂದಾಗ ಯಂತ್ರಮಾನವ ಅದರಲ್ಲಿರಲಿಲ್ಲ. ಕಾಂತದ ಬೇಡಿಯ ಬದಲು ಹುರಿ ಇತ್ತು. ಒತ್ತೆಯಾಳು ನೋವೆಂದು ಅತ್ತು, ಯಜಮಾನಿಯ ಬದಲು ಬಂಟನ ಕೈಯಿಂದಲೇ ಕಟ್ಟಿಸಿಕೊಳ್ಳುತ್ತಾಳೆ. ಅವನು ಹೊಗೆಸೊಪ್ಪಿನ ಊರಿನಲ್ಲಿ ಬೆಳೆದವನೆಂದು ಅವನ ಮಾತಿನಲ್ಲೇ ಪತ್ತೆ ಹಚ್ಚಿದ್ದಾಳೆ. ಕಡ್ಡಿಗೆ ಸೊಪ್ಪು ಕಟ್ಟುವಾಗ ಹುರಿಯನ್ನು ಸುತ್ತಿ ಸುತ್ತಿ ಬಿಗಿಯುತ್ತಾರೆ. ಎಷ್ಟೇ ಬಿಗಿದರೂ, ಸೊಪ್ಪು ಹದವಾದ ಮೇಲೆ ತುದಿ ಹಿಡಿದು ಎಳೆದರೆ ಇಡೀ ಕಡ್ಡಿ ಬಿಚ್ಚಿಕೊಳ್ಳುತ್ತದೆ. ಬಂಟನ ಕೈ ಅಭ್ಯಾಸಬಲದಿಂದ ಅದೇ ಕಟ್ಟು ಕಟ್ಟುತ್ತದೆ; ತುದಿ ಎಳೆದು ಅವಳು ಪಾರಾಗುತ್ತಾಳೆ.

ಕೇಳಿದವರೆಲ್ಲ ಹೊಗಳಿದ್ದು ಆ ಜಾಗವನ್ನೇ. ಕೊನೆಯಲ್ಲಿ ರಚನೆ ಎಂದು ನನ್ನ ಹೆಸರು, ದನಿಗಳಲ್ಲಿ ಅತ್ತಿಗೆಯ ಹೆಸರು ಬಂತು.

ಜುಲೈನಲ್ಲಿ ಒಂದು ಭಾನುವಾರ ಊರಿಗೆ ಹೋದಾಗ ಅತ್ತಿಗೆ ಅಂಗಳದಲ್ಲಿ ಹುರಿಯುಂಡೆ ಸರಿಮಾಡುತ್ತಿದ್ದರು. ಹೊಲದಲ್ಲಿ ಮೊದಲ ಎಲೆ ಬಲಿತಿತ್ತು. ಮಂಗಳವಾರ ಬ್ಯಾರನ್ ತುಂಬುವುದಿತ್ತು. ಅವರು ತಲೆ ಎತ್ತದೆ ಕೇಳಿದರು: "ಆ ಗಂಟಿನ ವಿಚಾರ ನಾನ್ ಏಳಿದ್ದಲ್ವ?"

ಭೇರ್ಯದಲ್ಲಿರುವ ತಮ್ಮ ತಾಯಿಗೆ ಅವರು ಮೊದಲೇ ಹೇಳಿದ್ದರಂತೆ, ಆ ಉಪಾಯ ತಮ್ಮದು, ಕೇಳು ಎಂದು. ತಾಯಿ, ತವರಿನ ಅಣ್ಣಂದಿರು ಎಲ್ಲ ಕೂತು ಕೇಳಿದ್ದಾರೆ. ಕೊನೆಗೆ ಬಂದದ್ದು ನನ್ನ ಹೆಸರು. ಅಣ್ಣಂದಿರು ನಕ್ಕರಂತೆ. ಅಷ್ಟು ತಿಳಿಸಿ ತಾಯಿ ಫೋನಿಟ್ಟರಂತೆ. "ಚಿಕ್ಕೋಳಾಗಿದ್ದಾಗಿಂದ ಸುಳ್ಳಿ ಅಂತಾನೆ ಆಡ್ಕೊಂಡವ್ರೆ ನನ್ನ. ಅಮ್ಮ ಒಬ್ಳೇ ನಂಬ್ತಿದ್ದದ್ದು" ಎಂದು ಹುರಿಯ ಸಿಕ್ಕು ಬಿಡಿಸಿದರು.

ನಾನು ಒಪ್ಪಲಿಲ್ಲ. ನನಗೆ ಅದು ಹೊಳೆದ ಗಳಿಗೆ ಚೆನ್ನಾಗಿ ನೆನಪಿತ್ತು. ಹುಣಸೂರಿನಿಂದ ಬರುವ ಬಸ್ಸಿನ ಕಿಟಕಿ, ಹೊರಗೆ ಜಿಟಿಜಿಟಿ ಮಳೆ, ಚಪ್ಪರದ ಕೆಳಗೆ ಕೂತು ಸೊಪ್ಪು ಕಟ್ಟುವ ಹೆಂಗಸರು. ಅವರ ಕೈಗಳನ್ನು ನೋಡುತ್ತ ನನಗೆ ಒತ್ತೆಯಾಳಿನ ಕೈ ಕಂಡಿತ್ತು. ಹಾಗೆಂದು ಹೇಳಿದೆ.

ಅತ್ತಿಗೆ ಪೂರ್ತಿ ಕೇಳಿಸಿಕೊಂಡರು. "ನಾವ್ ನಾಟ್ಕ ಮಾಡಿದ್ದು ಯುಗಾದಿ ಆದ್ ವಾರಕ್ಕೆ. ಆಗಿನ್ನೂ ಸಸಿನೇ ನೆಟ್ಟಿರ್ನಿಲ್ಲ. ಯಾರವ್ವ ಸೊಪ್ ಕಟ್ತಾ ಕೂತಿದ್ರು?"

ಈ ಮಣ್ಣಿನಲ್ಲೇ ಬೆಳೆದವಳು ನಾನು. ಏಪ್ರಿಲ್ಲಿನಲ್ಲಿ ಸೊಪ್ಪು ಕಟ್ಟುವ ಹೆಂಗಸರನ್ನು ಕಂಡೆನೆಂದು ಬೇಸಾಯದ ಮನೆಯ ಅಂಗಳದಲ್ಲಿ ನಿಂತು ಹೇಳಿದ್ದೆ. ಆ ಕಿಟಕಿ, ಆ ಮಳೆ ಸುಳ್ಳಿರಲಾರದು. ಯಾವುದೋ ಹಿಂದಿನ ವರ್ಷದ್ದನ್ನು ತಂದು ಇಲ್ಲಿ ಅಂಟಿಸಿಕೊಂಡಿದ್ದೆ. ಆದರೆ ಯಾವಾಗ, ಏತಕ್ಕೆ? ಚೀಲದಿಂದ ದಿನಚರಿ ತೆಗೆದು ನೋಡಿದೆ. "ಗಂಟಿನ ಉಪಾಯ ಹೊಳೆಯಿತು" ಎಂದಷ್ಟೇ ಇತ್ತು. ಯಾರಿಗೆ ಎಂದಿರಲಿಲ್ಲ. ದಿನಾ ಬರೆಯುವವಳು ಆ ಒಂದು ಪದವನ್ನು ಬಿಟ್ಟದ್ದು ನನಗೇ ಸೋಜಿಗ.

ಆಗ ನೆನಪಾದದ್ದು ಮೂಲ ಮುದ್ರಿಕೆಗಳು. ಕತ್ತರಿಸಿ ಜೋಡಿಸುವ ಮೊದಲಿನವು, ಕೆಮ್ಮು, ನಗು, ತಪ್ಪಿದ ಮಾತು ಎಲ್ಲ ಇರುವಂಥವು. ಲ್ಯಾಪ್‌ಟಾಪಿನಲ್ಲಿ ಅವು ಹಾಗೇ ಇದ್ದವು. ಅಣ್ಣನನ್ನೂ ಕರೆದು, ಜಗುಲಿಯ ಮೇಲೆ ಮೂವರೂ ಕೂತು ಕೇಳಿದೆವು.

ಕಾಂತದ ಬೇಡಿಗೆ ಸದ್ದೇ ಇಲ್ಲ, ಕೇಳುವವರಿಗೆ ಗೊತ್ತಾಗುವುದು ಹೇಗೆ ಎಂದು ನನ್ನ ದನಿ ಗೊಣಗುತ್ತದೆ. ಸದ್ದಿಗೋಸ್ಕರ ಹುರಿಯಲ್ಲಿ ಕಟ್ಟಲು ಅಣ್ಣನಿಗೆ ಹೇಳುತ್ತೇನೆ. ಹುರಿ ಸರಸರ ಎಳೆದಾಡುವ ಶಬ್ದ. ಆಮೇಲೆ ಅತ್ತಿಗೆಯ ನಗು.

"ಏನ್ರೀ ಇದು, ಕಡ್ಡಿಗೆ ಸೊಪ್ ಕಟ್ದಂಗ್ ಕಟ್ಟಿದ್ದೀರಿ."

"ಕೈಗೆ ಅದೇ ಬರಾದು ಕಣೇ" ಎನ್ನುತ್ತಾನೆ ಅಣ್ಣ.

"ಅಂಗಾದ್ರೆ ಆ ಯಂತ್ರದ ಬೊಂಬೆ ಯಾಕ್ ಬೇಕು? ಈ ಕಳ್ಳನೂ ನಮ್ ಕಡೆಯೋನು ಅಂದ್ಕೊಳವ್ವ. ಯಜಮಾನಿ ಕಟ್ಟಕ್ ಬಂದ್ರೆ ನೋಯ್ತದೆ ಅಂತ ಅಳ್ತೀನಿ. ಇವನ್ ಕೈಲೇ ಕಟ್ಟುಸ್ಕೊತೀನಿ. ತುದಿ ಸಿಕ್ಕುದ್ರೆ ಸಾಕಲ್ಲ ನಂಗೆ."

ಆಮೇಲೆ ನನ್ನ ದನಿ, ತರಗತಿಯ ದನಿ: "ಅದೆಲ್ಲ ಬೇಡ ಅತ್ತಿಗೆ. ಬರ್ದಿರೋದನ್ನ ಓದಿ."

ಹಾಗೆಂದ ಹತ್ತೇ ದಿನಕ್ಕೆ ಅದನ್ನೇ ಬರೆದು ತಂದು ಮತ್ತೆ ಮುದ್ರಿಸಿಕೊಂಡಿದ್ದೆ. ಕದ್ದೆನೆಂದು ನನಗೆ ಗೊತ್ತಿದ್ದರೆ ಅದು ಬೇರೆ ಮಾತು. ನನಗೆ ಗೊತ್ತಿರಲಿಲ್ಲ. ಬೇಡವೆಂದು ತಳ್ಳಿದ ಮಾತು ಒಳಗೆಲ್ಲೋ ಕೂತು, ಮಳೆಯನ್ನೂ ಕಿಟಕಿಯನ್ನೂ ಹೊದ್ದುಕೊಂಡು, ನನ್ನದಾಗಿ ಎದ್ದು ಬಂದಿದೆ. ಇನ್ನೂ ಎಷ್ಟು ಮಾತುಗಳು ಹಾಗೆ ಬಂದಿರಬಹುದು? ಅವಕ್ಕೆಲ್ಲ ಮುದ್ರಿಕೆ ಇಲ್ಲ.

"ಗಂಟು ಕಟ್ಟಿದ್ದು ನಾನು. ನನ್ ಎಸ್ರೂ ಸೇರುಸ್ಕೊಳಮ್ಮಿ" ಎಂದ ಅಣ್ಣ. ಅತ್ತಿಗೆ ನಗಲಿಲ್ಲ. ನಾನು ಕ್ಷಮೆ ಕೇಳಿದೆ. "ಬುಡು. ಅಮ್ಮುಂಗೆ ಗೊತ್ತಾಗ್ಬೇಕು, ಅಷ್ಟೇಯ" ಎಂದರು.

ಸೋಮವಾರ ರಜೆ ಹಾಕಿದೆ. ಬ್ಯಾರನ್ ಗುಡಿಸಿ, ಬಾಗಿಲ ಬಳಿ ಸೌದೆ ಒಟ್ಟಿಯಾಗಿತ್ತು. ಕಂಬಳಿ ಮತ್ತೆ ಕಟ್ಟಲು ಪುರಸೊತ್ತಿರಲಿಲ್ಲ. ಹಾಗಾಗಿ ಅಲ್ಲೇ ಹೊಸದಾಗಿ ಮುದ್ರಿಸಿದ ಹೆಸರುಗಳ ಭಾಗದಲ್ಲಿ ನನ್ನ ದನಿ ಕೊಂಚ ಗುಂಯ್‌ಗುಡುತ್ತದೆ. ರಚನೆ ಇಬ್ಬರದು ಎಂದು ಹೇಳಿ, ಒತ್ತೆಯಾಳು ತಪ್ಪಿಸಿಕೊಂಡ ಉಪಾಯ ಪೂರ್ತಿ ಅತ್ತಿಗೆಯದು, ನಾನು ಮೊದಲು ಅದನ್ನು ಬೇಡವೆಂದಿದ್ದೆ ಎಂದೂ ಸೇರಿಸಿದೆ. ಕೊನೆಯದು ಬೇಕಿತ್ತೇ ಎಂದು ಗೆಳತಿ ಕೇಳಿದಳು. ಬೇಕಿತ್ತು. ಸಂಜೆಯ ಹೊತ್ತಿಗೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು.

ಮಾರನೆಯ ಬೆಳಿಗ್ಗೆ, ನಾನು ಬಸ್ಸಿಗೆ ಹೊರಡುವಾಗ, ಭೇರ್ಯದಿಂದ ಫೋನ್ ಬಂತು. ಅತ್ತಿಗೆಯ ಬೆರಳಿಗೆಲ್ಲ ಸೊಪ್ಪಿನ ಅಂಟು; ಸ್ಪೀಕರಿಗೆ ಹಾಕಿದ್ದು ನಾನೇ. ಅವರ ತಾಯಿ ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅಲ್ಲ ಕಣವ್ವ, ನಿನ್ನ ಆ ಯಜಮಾನಿನೇ ಕಟ್ಬುಟ್ಟಿದ್ರೆ ಏನ್ ಮಾಡ್ತಿದ್ದೆ?"

ಅತ್ತಿಗೆಯ ಮುಖ ಅರಳಿತು. "ಅದುಕ್ಕೂ ಒಂದ್ ಯೋಚ್ನೆ ಮಡಗಿವ್ನಿ" ಎಂದವರು ನನ್ನತ್ತ ಒಮ್ಮೆ ನೋಡಿದರು. ಅಂಟುಗೈಯಲ್ಲೇ ಸ್ಪೀಕರ್ ಆರಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬ್ಯಾರನ್ನಿನ ಹಿಂದಕ್ಕೆ ಹೋದರು. ಬಸ್ಸು ಬರುವವರೆಗೂ ನಿಂತು ನೋಡಿದೆ. ಗೋಡೆಯಂಚಿನಾಚೆ ಕಾಣುತ್ತಿದ್ದ ಒಂದು ಕೈ ಗಾಳಿಯಲ್ಲಿ ಏನನ್ನೋ ಸುತ್ತಿ ಬಿಡಿಸಿ ತೋರಿಸುತ್ತಿತ್ತು. ಮಾತು ಕೇಳಿಸಲಿಲ್ಲ.