ಒಂದು ಹೆಡ್‌ಫೋನ್, ಎರಡು ‘ಎಂತ?’

ಆ ದಿನ ಬಸ್ಸಿನಲ್ಲಿ ಯಾರ್‍ಯಾರು ಇದ್ದರು ಎಂದು ಮೊದಲು ಹೇಳಿಬಿಡುತ್ತೇನೆ. ಕಿಟಕಿ ಪಕ್ಕ ನಾನು. ನನ್ನ ಪಕ್ಕ ಲಲಿತ, ಕೊಪ್ಪದ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುವವಳು. ಹಿಂದಿನ ಉದ್ದ ಸೀಟಿನಲ್ಲಿ ಅವಳ ಗಂಡ ಮಂಜಣ್ಣ, ಕಾಲ ಸಂದಿಯಲ್ಲಿ ಕಳೆ ಹೊಡೆಯುವ ಮಷಿನ್ ನಿಲ್ಲಿಸಿಕೊಂಡು. (ಟ್ಯಾಂಕ್ ಖಾಲಿ ಇದ್ದರೆ ಮಾತ್ರ ಹತ್ತಿಸುತ್ತೇನೆ ಎಂದು ಕಂಡಕ್ಟರ್ ದಿನಾ ಹೇಳುತ್ತಾನೆ. ದಿನಾ ಬಗ್ಗಿ ಮೂಸಿಯೂ ನೋಡುತ್ತಾನೆ.) ಮಿಕ್ಕವರು ಶೃಂಗೇರಿಯಿಂದ ಬಂದವರು, ನಮ್ಮ ಜೊತೆ ಹರಿಹರಪುರದಲ್ಲಿ ಹತ್ತಿದವರು. ಎಲ್ಲರೂ ಮುಖಪರಿಚಯದವರೇ.

ನನ್ನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ವಾಲ್ಯೂಮ್ ಪೂರ್ತಿ ಮೇಲಿತ್ತು. ಮತ್ತೇನು ಮಾಡಲಿ? ನಮ್ಮ ಬಸ್ಸಿನ ಇಂಜಿನ್ ಏರು ಹತ್ತುವಾಗ ಹಾಡುವ ಹಾಡಿನ ಮುಂದೆ ಬೇರೆ ಯಾರ ಹಾಡೂ ನಿಲ್ಲುವುದಿಲ್ಲ.

ಲಲಿತ ನನ್ನ ಮೊಣಕೈ ತಿವಿದು ಏನೋ ಹೇಳಿದಳು. ಕೇಳಿಸಲಿಲ್ಲ. "ಎಂತ?" ಎಂದೆ. ಅವಳು ತಿರುಗಿ ಗಂಡನಿಗೂ ಏನೋ ಹೇಳಿದಳು. ಅವನಿಗೂ ಕೇಳಿಸಲಿಲ್ಲ. ಅವನೂ "ಎಂತ?" ಎಂದ. ನನ್ನ ಎರಡನೇ ‘ಎಂತ’ ಮತ್ತು ಅವನ ಮೊದಲನೇ ‘ಎಂತ’ ಒಂದೇ ಕ್ಷಣಕ್ಕೆ, ಒಂದೇ ಜೋರಿನಲ್ಲಿ ಹೊರಟವು. ಇಡೀ ಬಸ್ಸು ನಕ್ಕಿತು. ಡ್ರೈವರ್ ಕನ್ನಡಿಯಲ್ಲಿ ನೋಡಿದ.

ಇಯರ್‌ಫೋನ್ ಕಿತ್ತೆ.

"ನಿನ್ನ ಹಾಡು ಕಂಡಕ್ಟರಿಗೂ ಬಾಯಿಪಾಠ ಆತು ಅಂದೆ ಮಾರಾಯ್ತಿ. ಎರಡು ಕಿವುಡರ ಮಧ್ಯ ಕೂತು ಎಂತ ಮಾತಾಡೂದು ನಾನು?" ಎಂದಳು ಲಲಿತ.

ನಾನೂ ನಕ್ಕೆ. ಆದರೆ ಹಿಂತಿರುಗಿ ನೋಡಿದಾಗ ಮಂಜಣ್ಣ ನಗುತ್ತಿರಲಿಲ್ಲ. ಜನ ಯಾಕೆ ನಕ್ಕರು ಎಂದು ಅವನಿಗೆ ಗೊತ್ತೇ ಆಗಿರಲಿಲ್ಲ.

ಅವತ್ತೇ ಎರಡು ವಿಷಯ ನಿಶ್ಚಯವಾದವು. ಒಂದು, ಈ ಹಾಳು ಇಯರ್‌ಫೋನ್ ಬಿಟ್ಟು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ತಗೊಳ್ಳುವುದು. ಹೊರಗಿನ ಗಲಾಟೆ ಒಳಗೆ ಬರದಿದ್ದರೆ ಹಾಡನ್ನು ಮೆಲ್ಲಗೆ ಇಟ್ಟೇ ಕೇಳಬಹುದಲ್ಲ? ಎರಡನೆಯದು, ಮಂಜಣ್ಣನ ಹಾಡು ನಿಲ್ಲಲು ಬಿಡಬಾರದು ಎನ್ನುವುದು. ಅದು ಲಲಿತ ಹೇಳಿದ ಮಾತಿನಿಂದ ಹುಟ್ಟಿದ್ದು.

ಮಂಜಣ್ಣ ನಮ್ಮೂರ ಭಜನಾ ಮಂದಿರದಲ್ಲಿ ಶನಿವಾರ ಶನಿವಾರ ಮೊದಲ ಹಾಡು ಹೇಳುವವನು. ಅವನು ಎತ್ತಿಕೊಟ್ಟ ಮೇಲೆಯೇ ಉಳಿದವರು ಹಿಡಿಯುವುದು. ಇತ್ತೀಚೆಗೆ ಶ್ರುತಿ ಜಾರುತ್ತಿತ್ತಂತೆ. ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಹಾರ್ಮೋನಿಯಂನವರು ಮಾತ್ರ ಒಂದೆರಡು ಸಲ ಕತ್ತೆತ್ತಿ ನೋಡಿದರಂತೆ. ಅಷ್ಟು ಸಾಕಾಯಿತು. ತನ್ನ ಗಂಟಲು ಹೋಯಿತು ಎಂದು ಅವನು ತೀರ್ಮಾನ ಮಾಡಿಬಿಟ್ಟ. ಜ್ಯೇಷ್ಠಮಧು, ಕಾಳುಮೆಣಸು, ಶುಂಠಿ ಎಲ್ಲ ಹಾಕಿದ ಕಷಾಯ ದಿನಕ್ಕೆ ಮೂರು ಸಲ. ತಣ್ಣೀರು ಬಿಟ್ಟ. ಮಜ್ಜಿಗೆ ಬಿಟ್ಟ. (ನಮ್ಮ ಕಡೆಯ ಒಬ್ಬ ಗಂಡಸು ಮಜ್ಜಿಗೆ ಬಿಟ್ಟನೆಂದರೆ ವಿಷಯ ಎಷ್ಟು ದೂರ ಹೋಗಿದೆ ಎಂದು ನೀವೇ ಲೆಕ್ಕ ಹಾಕಿ.) ಈಗ ಅದೂ ಫಲ ಕೊಡದೆ, ಇನ್ನೆರಡು ಶನಿವಾರ ಕಳೆದ ಮೇಲೆ ಹಾಡಿನ ಪುಸ್ತಕವನ್ನು ಮಂದಿರದಲ್ಲಿ ಒಪ್ಪಿಸಿ ಕೈಮುಗಿದು ಬರುತ್ತಾನಂತೆ.

"ಭಜನೆ ಬಿಟ್ರೆ ಆ ಮನುಷ್ಯಂಗೆ ಬೇರೆ ಎಂತ ಉಂಟು ಹೇಳು," ಎಂದಳು ಲಲಿತ. ಕೊಪ್ಪ ಬಂತು. ಇಳಿದು ಹೋದಳು.

ನಾನು ಎನ್.ಆರ್.ಪುರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಇಡೀ ದಿನ ‘ಶ್ಶ್’ ಎನ್ನುವುದೇ ನನ್ನ ವೃತ್ತಿ. ಹಾಡು ಕೇಳಲು ನನಗಿರುವುದು ಬಸ್ಸಿನ ಹೊತ್ತು ಮಾತ್ರ. ಹಾಗಾಗಿ ಹೆಡ್‌ಫೋನ್ ಹುಡುಕಾಟವನ್ನು ನಾನು ಸಂಬಂಧ ನೋಡುವ ಗಾಂಭೀರ್ಯದಲ್ಲೇ ಶುರುಮಾಡಿದೆ. ಬೆಲೆ ಒಂದು ಒಳ್ಳೆಯ ಕಾಟನ್ ಸೀರೆಯದ್ದನ್ನು ದಾಟಬಾರದು. ಮಡಚಿ ಊಟದ ಡಬ್ಬಿಯ ಪಕ್ಕ ಕೂರುವಂತಿರಬೇಕು. ಕಿವಿಯ ಬಟ್ಟಲುಗಳ ಹಿಂಬದಿ ಮುಚ್ಚಿರಬೇಕು, ತೂತು ಜಾಲರಿ ಇರಬಾರದು. ಅದಕ್ಕೆ ಕ್ಲೋಸ್ಡ್ ಬ್ಯಾಕ್ ಎನ್ನುತ್ತಾರೆ ಎಂದು ಓದಿ ತಿಳಿದುಕೊಂಡಿದ್ದೆ.

ಕೊಪ್ಪದ ಅಂಗಡಿಯಲ್ಲಿ ಹೋಗಿ ಕೇಳಿದೆ, "ಕ್ಲೋಸ್ಡ್ ಇದೆಯಾ?"

"ಇಲ್ಲ ಮೇಡಂ, ಎಂಟು ಗಂಟೆ ತನಕ ಓಪನ್ನೇ," ಎಂದ ಅಂಗಡಿಯವ.

ಬಿಡಿಸಿ ಹೇಳಿದ ಮೇಲೆ ಒಂದು ತೆಗೆದುಕೊಟ್ಟ. ಹಾಕಿಕೊಂಡೆ. ತಲೆಯೊಳಗೆ ಯಾರೋ ಡ್ರಮ್ಮು ಉರುಳಿಸಿದ ಹಾಗಾಯಿತು. ಬೇಸ್ ನೋಡಿ ಮೇಡಂ, ಬೇಸ್ ನೋಡಿ ಎಂದು ಅವನ ವರಾತ. ನನಗೆ ಬೇಕಾದದ್ದು ಹಾಡುವವರ ಗಂಟಲು ಮಾರಾಯ, ಗೋಡೆ ನಡುಗುವುದಲ್ಲ. ಜೊತೆಗೆ, ಈ ಹೆಡ್‌ಫೋನ್ ಪರೀಕ್ಷೆ ಮಾಡಿ ಬರೆಯುವವರು ಯಾರೂ ಹೇಳದ ಒಂದು ಸತ್ಯ ನನಗೆ ಅಲ್ಲೇ ಗೊತ್ತಾಯಿತು. ಓಲೆ! ಕಿವಿಯ ಮೇಲೆ ಕೂರುವ ಹೆಡ್‌ಫೋನ್ ಓಲೆಯನ್ನು ಕತ್ತಿಗೆ ಒತ್ತಿ ಒತ್ತಿ ಹತ್ತು ನಿಮಿಷಕ್ಕೆ ಕಣ್ಣಲ್ಲಿ ನೀರು ಬರಿಸುತ್ತದೆ. ಇಡೀ ಕಿವಿಯನ್ನು ಓಲೆ ಸಮೇತ ಒಳಗೆ ತಗೊಳ್ಳುವಂಥದ್ದು ಬೇಕು. ಕನ್ನಡಕದ ಕಡ್ಡಿಗೂ ಜಾಗ ಬೇಕು. ತುರುಬಿಗೆ ತಾಗಬಾರದು. ಇದನ್ನೆಲ್ಲ ಗಂಡಸರು ಪರೀಕ್ಷೆ ಮಾಡಿದರೆ ಎಲ್ಲಿಂದ ತಿಳಿಯಬೇಕು?

ಎನ್.ಆರ್.ಪುರದಲ್ಲಿ ಇನ್ನೊಂದು ಕಥೆ. ಮೊಬೈಲ್ ಅಂಗಡಿಯವರು, ಕಿವಿ ಪೂರ್ತಿ ಮುಚ್ಚೋದು ನಮ್ಮಲ್ಲಿಲ್ಲ, ಆಚೆ ಬದಿಯ ಅಂಗಡಿಯಲ್ಲಿ ಕೇಳಿ ಎಂದರು. ಹೋದೆ. ಸ್ಪ್ರೇಯರ್, ಪೈಪು, ಮೋಟಾರು ತುಂಬಿದ ಅಂಗಡಿ ಅದು. ಇಲ್ಲೆಲ್ಲಿಯ ಹೆಡ್‌ಫೋನ್ ಎಂದುಕೊಳ್ಳುತ್ತಲೇ ಕೇಳಿದೆ. ಮಾಲೀಕರು ಗಂಭೀರವಾಗಿ ಕಿತ್ತಳೆ ಬಣ್ಣದ್ದೊಂದನ್ನು ಕೊಟ್ಟರು. ಎಷ್ಟು ಚೆಂದ ಕೂತಿತು ಎಂದರೆ ಓಲೆ, ಕನ್ನಡಕ, ತುರುಬು ಯಾವುದಕ್ಕೂ ತಕರಾರಿಲ್ಲ. ರಸ್ತೆಯ ಲಾರಿ ಸದ್ದು ದೂರದ ಊರಿಗೆ ಹೋಯಿತು.

"ವೈರ್ ಎಲ್ಲಿ ಹಾಕೋದು?" ಎಂದೆ.

ಅವರ ತುಟಿ ಅಲುಗಿತು. ಕೇಳಿಸಲಿಲ್ಲ. ಮತ್ತೆ ಕೇಳಿದೆ. ಅವರು ನಗುತ್ತಾ ಕೈ ಚಾಚಿ ಒಂದು ಬಟ್ಟಲನ್ನು ಎತ್ತಿ ಹಿಡಿದರು.

"ಯಾಕೆ ಮೇಡಂ ಕೂಗ್ತೀರಿ? ಇದರಲ್ಲಿ ಹಾಡು ಬರೂದಿಲ್ಲ. ಕಳೆ ಮಷಿನ್ ಹೊಡೆಯೋರು ಸದ್ದು ತಡೆಯಲಿಕ್ಕೆ ಹಾಕೋ ಇಯರ್ ಮಫ್ ಇದು. ಇದಕ್ಕಿಂತ ಮುಚ್ಚಿದ್ದು ಈ ತಾಲ್ಲೂಕಲ್ಲೇ ಇಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗುವುದು ಬಿಟ್ಟು ನಿಂತುಬಿಟ್ಟೆ. ಕೂಗಿದೆನಾ? ನನಗೆ ಕೂಗಿದ ಹಾಗೆ ಅನಿಸಲೇ ಇಲ್ಲವಲ್ಲ! ಕಿವಿ ಮುಚ್ಚಿದರೆ ನನ್ನ ದನಿ ನನಗೇ ಸರಿಯಾಗಿ ತಿಳಿಯುವುದಿಲ್ಲ. ಹಾಗಿದ್ದ ಮೇಲೆ ಮಂಜಣ್ಣನದ್ದು ಗಂಟಲಾ, ಕಿವಿಯಾ? ವರ್ಷಗಟ್ಟಲೆ ಆ ಮಷಿನ್ ಹೆಗಲಿಗೆ ಹಾಕಿಕೊಂಡವನು. ಹಾರ್ಮೋನಿಯಂನ ಶ್ರುತಿಯೇ ಕಿವಿಗೆ ಬೀಳದಿದ್ದರೆ ಗಂಟಲು ಏನು ತಾನೇ ಹಿಡಿಯಬೇಕು? ಅಷ್ಟು ದಿನದ ಕಷಾಯವೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು.

ಮಫ್ ಕೊಂಡೆ.

ಮರುದಿನ ಬಸ್ಸಿನಲ್ಲಿ ಕೊಟ್ಟರೆ ಮಂಜಣ್ಣ ಮುಟ್ಟಲಿಲ್ಲ. ಅದನ್ನು ಹಾಕಿಕೊಂಡು ಮಷಿನ್ ಹೊಡೆಯಲಿಕ್ಕಾಗುವುದಿಲ್ಲ ಎಂದ. ಬ್ಲೇಡಿಗೆ ಕಲ್ಲು ಸಿಕ್ಕುವ ಮೊದಲು ಮಷಿನಿನ ದನಿ ಬದಲಾಗುತ್ತದಂತೆ, ಅದು ಕೇಳದಿದ್ದರೆ ಕಾಲು ಹೋದೀತಂತೆ. ಅವನ ಕೆಲಸ ಅವನಿಗೆ ಗೊತ್ತು, ನಾನೇನು ವಾದ ಮಾಡಲಿ? ಆದರೂ ಕಿವಿ ತೋರಿಸು ಮಂಜಣ್ಣ, ಗಂಟಲಲ್ಲ ಎಂದೆ. ಅವನಿಗೆ ಸಿಟ್ಟು ಬಂತು.

"ಕಿವಿ ಸಮ ಉಂಟಕ್ಕ. ಹೋದದ್ದು ಗಂಟ್ಲು. ನೀವು ಪುಸ್ತಕ ಓದಿ ಎಂತೆಂತದೋ ಹೇಳ್ಬೇಡಿ."

ಮಫ್ ನನ್ನ ಬ್ಯಾಗಿನಲ್ಲೇ ಉಳಿಯಿತು. ನನಗೂ ಹಟ ಬಂತು.

ಭಾನುವಾರ ಶೃಂಗೇರಿಗೆ ಹೋದೆ. ಕೊಪ್ಪದಲ್ಲಿ ಕಲಿತ ಪಾಠ, ಎನ್.ಆರ್.ಪುರದಲ್ಲಿ ಕಲಿತ ಪಾಠ ಎರಡೂ ಜೊತೆಗಿದ್ದವು. ಒಂದೇ ಹಾಡು, ತಂಬೂರಿ ಮತ್ತು ಒಂದು ಹೆಣ್ಣುದನಿ ಮಾತ್ರ ಇರುವಂಥದ್ದು, ಅದನ್ನೇ ಐದು ಹೆಡ್‌ಫೋನಿನಲ್ಲಿ ಕೇಳಿದೆ. ಅಂಗಡಿಯ ಬಾಗಿಲಲ್ಲಿ ನಿಂತು, ಬಸ್ಸು ಹೋಗುವಾಗ ಕೇಳಿದೆ. ಅಂಗಡಿಯ ಅಮ್ಮನಿಗೆ ಪಕ್ಕದಲ್ಲಿ ನಿಂತು ಹಾಡು ಹೊರಗೆ ಸೋರುತ್ತದೆಯೇ ನೋಡಿ ಎಂದೆ. ಚರ್ಮದ ಹಾಗಿರುವ ಹೊದಿಕೆಯನ್ನು ಉಗುರಿನಿಂದ ಕೆರೆದೆ. ನಮ್ಮ ಥಂಡಿಗೆ ಬೂಷ್ಟು ಹಿಡಿದು ಚಕ್ಕೆ ಏಳುವುದು ಅಲ್ಲಿಂದಲೇ, ಬಿಚ್ಚಿ ಬೇರೆ ಹಾಕುವಂತಿರಬೇಕು. ಬ್ಲೂಟೂತ್ ಬೇಡ ಎಂದೆ. ಕರೆಂಟು ಹೋದರೆ ಚಾರ್ಜ್ ಮಾಡಬೇಕಾದ ಸಾಮಾನು ಮನೆಯಲ್ಲಿ ಈಗಲೇ ಸಾಕಷ್ಟಿದೆ. ಈಗಿನವರು ಇಷ್ಟು ದೊಡ್ಡದು ಹಾಕುವುದಿಲ್ಲಮ್ಮ ಎಂದರು ಆಕೆ. ನಾನು ಈಗಿನವಳಲ್ಲ ಎಂದೆ.

ನಾಲ್ಕನೆಯದು ಒಪ್ಪಿಗೆಯಾಯಿತು. ಕಪ್ಪು, ಹಗುರ, ಮಡಚಿದರೆ ಅಂಗೈಯಗಲ. ಸೀರೆಯ ಬೆಲೆಯೊಳಗೇ ಬಂತು.

ಸೋಮವಾರ ಕೊಪ್ಪ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಚಹಾ ಕುಡಿಯುವ ಹೊತ್ತು ಅದು, ಇಂಜಿನ್ ಬಂದ್ ಇರುತ್ತದೆ. ಲಲಿತ ಅವತ್ತು ಇಳಿಯದೆ ಕೂತಿದ್ದಳು. ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು ಎನ್ನುವುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಫೋನಿನಲ್ಲಿ ತಂಬೂರಿಯ ಶ್ರುತಿ ಹಾಕಿ, ವಾಲ್ಯೂಮ್ ತಗ್ಗಿಸಿ, ಹಿಂದೆ ಹೋಗಿ ಹೆಡ್‌ಫೋನನ್ನು ಮಂಜಣ್ಣನ ತಲೆಗೆ ಇಟ್ಟೆ. ಅವನು ತೆಗೆಯಲು ಕೈ ಎತ್ತಿದ. ನಾನು ಒಂದೊಂದೇ ಗೆರೆ ದನಿ ಏರಿಸುತ್ತಾ ಹೋದೆ. ಒಂದು ಕಡೆ ಬಂದಾಗ ಕೈ ಅಲ್ಲೇ ನಿಂತಿತು.

ಕಣ್ಣು ಮುಚ್ಚಿದ. ಆಮೇಲೆ ಮೆಲ್ಲಗೆ ಷಡ್ಜ ಹಿಡಿದ.

ಅವನಿಗೆ ತನ್ನ ಸುತ್ತ ಯಾರಿದ್ದಾರೆ ಎನ್ನುವುದು ಮರೆತಿತ್ತು. ದನಿ ಒಂಚೂರೂ ಅತ್ತಿತ್ತ ಆಗಲಿಲ್ಲ. ನಾನು ಒಂದು ಬಟ್ಟಲಿನ ಅಂಚನ್ನು ಚೂರು ಎತ್ತಿ ನನ್ನ ಕಿವಿ ಹತ್ತಿರ ತಂದು ನೋಡಿದೆ. ಶ್ರುತಿ, ದನಿ ಎರಡೂ ಒಂದೇ ಗೆರೆಯ ಮೇಲಿದ್ದವು. ಮುಂದಿನ ಸೀಟಿನವರು ಒಬ್ಬೊಬ್ಬರೇ ತಿರುಗಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತವನು ಸೀಟಿ ಊದಲಿಲ್ಲ. ಲಲಿತ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಹೆಡ್‌ಫೋನ್ ತೆಗೆದು ಮಂಜಣ್ಣ ಹೆಂಡತಿಯ ಕಡೆ ನೋಡಿದ.

"ಗಂಟ್ಲು ಹೋಗ್ಲಿಲ್ಲ ಮಾರಾಯ್ತಿ," ಎಂದ. ಒಂದು ಉಸಿರು ಬಿಟ್ಟು, "ಹಂಗಾದ್ರೆ ಕಿವಿ," ಎಂದ.

ಮೊದಲ ಮಾತಿನ ಸಂತೋಷವನ್ನು ಎರಡನೇ ಮಾತು ಅಲ್ಲೇ ಅರ್ಧ ಮಾಡಿತು. ಆ ವಾರವೇ ಲಲಿತ ಅವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಹೋದಷ್ಟು ಹೋಯಿತು, ಇರುವುದನ್ನು ಉಳಿಸಿಕೊಳ್ಳಿ, ಮಷಿನ್ ಹೊಡೆಯುವಾಗ ಕಿವಿ ಮುಚ್ಚಲೇಬೇಕು ಎಂದರಂತೆ ಡಾಕ್ಟರು. (ಹಾಡಿನ ಹೆಡ್‌ಫೋನ್ ಮಷಿನಿನ ಸದ್ದಿಗೆ ಸಾಲದು ಎಂದೂ ಹೇಳಿದರಂತೆ. ಅದನ್ನೇ ಹಾಕಿಕೊಂಡು ಕಳೆ ಹೊಡೆಯುವ ಆಸೆ ಇವನಿಗಿತ್ತು!)

ನನಗೆ ಆಮೇಲೆ ಅನಿಸಿದ್ದು ಇಷ್ಟು. ನಾವು ಗದ್ದಲಕ್ಕೆ ಗದ್ದಲವನ್ನೇ ಎದುರಿಡುತ್ತೇವೆ. ಬಸ್ಸು ಜೋರಾದರೆ ಹಾಡು ಜೋರು, ಮಿಕ್ಸಿ ಜೋರಾದರೆ ಟಿವಿ ಜೋರು, ಅವರು ಕೂಗಿದರೆ ನಮ್ಮದೂ ಕೂಗು. ಕೊನೆಗೆ ಕೇಳಿಸದೇ ಹೋದಾಗ ದೂರು ಮಾತ್ರ ಗಂಟಲಿನ ಮೇಲೆ. ಒಂದು ಬಾಗಿಲು ಹಾಕಿ ಮೆಲ್ಲಗೆ ಕೇಳೋಣ ಎಂದು ಯಾಕೆ ಹೊಳೆಯುವುದಿಲ್ಲ?

ಶನಿವಾರ ಬಂತು. ಸಂಜೆ ಮಂದಿರಕ್ಕೆ ನಾನೂ ಹೋದೆ. ಮಂಜಣ್ಣ ಹಾಡಿನ ಪುಸ್ತಕ ಹಿಡಿದು ಬಂದ. ತಲೆಯ ಮೇಲೆ, ಸೋಮವಾರದಿಂದ ಅವನ ಹತ್ತಿರವೇ ಉಳಿದಿದ್ದ ನನ್ನ ಹೆಡ್‌ಫೋನ್. ಒಂದು ಬಟ್ಟಲು ಎಡಗಿವಿಗೆ, ಇನ್ನೊಂದು ಬಲಗಿವಿಯ ಹಿಂದಕ್ಕೆ. ಒಂದರಲ್ಲಿ ಶ್ರುತಿ, ಇನ್ನೊಂದರಲ್ಲಿ ಜೊತೆಯವರು. ಹಿರಿಯರೊಬ್ಬರು, ಇದೆಂತದ್ದು ಮಂಜ, ದೇವರ ಎದುರು ಕಳೆ ಹೊಡೆಯೋ ವೇಷ ಎಂದು ಕೇಳಿದರು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಕೂತನೋ, ಗೊತ್ತಿಲ್ಲ. ಹಾರ್ಮೋನಿಯಂನವರ ಹತ್ತಿರ ಅವರು ಶ್ರುತಿಗೆ ಒತ್ತುವ ಮನೆ ಯಾವುದೆಂದು ಕೇಳಿ ಫೋನಿನಲ್ಲಿ ಅದೇ ಶ್ರುತಿ ಇಟ್ಟುಕೊಂಡ. ಮೊದಲ ಹಾಡು ಎತ್ತಿದ. ಈ ಸಲ ಹಾರ್ಮೋನಿಯಂನವರು ಕತ್ತೆತ್ತಲಿಲ್ಲ. ಪುಸ್ತಕ ಅವನ ಮಡಿಲಲ್ಲೇ ಉಳಿಯಿತು, ಮುಗಿದ ಮೇಲೆ ಅವನ ಜೊತೆಗೇ ಮನೆಗೆ ಹೋಯಿತು. ಮಂದಿರದ ಮೆಟ್ಟಿಲಲ್ಲಿ ನಾನು ಮಫ್ ಕೊಟ್ಟಾಗ ಕೈ ಚಾಚಿ ತಗೊಂಡ. ಇನ್ನು ನಾ ನಿಧಾನ ಹೊಡೀತೆ, ಕಲ್ಲಿರೋ ಕಡೆ ಮೊದಲು ನೋಡ್ಕಂತೆ ಎಂದು ತನಗೆ ತಾನೇ ಹೇಳಿಕೊಂಡ.

ಸೋಮವಾರ ಬಸ್ಸಿಗೆ ಇಬ್ಬರೂ ಹತ್ತಿದರು. ಮಂಜಣ್ಣನ ಕೊರಳಲ್ಲಿ ಕಿತ್ತಳೆ ಬಣ್ಣದ ಮಫ್ ಇತ್ತು. ನನ್ನ ಹೆಡ್‌ಫೋನ್ ಲಲಿತಳ ತಲೆಯ ಮೇಲಿತ್ತು. ಬಂದು ಪಕ್ಕದಲ್ಲಿ ಕೂತಳು. ಇನ್ನಾದರೂ ನನ್ನದು ನನಗೆ ಕೊಡೇ ಎಂದೆ.

"ಎಂತ?" ಎಂದಳು.