ಅತ್ತೆಯ ಬಾಯಲ್ಲಿ ಅಳಿಯನ ಹೆಸರು

ಮೋಟಲಾವ ದ್ವೀಪದ ಕಡಲಂಚಿನ ಊರಿನಲ್ಲಿ ರೋವಿಲ್ ಮುದುಕಿಯ ಬಾಯಿಗೆ ಹೆದರದವರಿರಲಿಲ್ಲ. ಪಾದ್ರಿಯನ್ನೂ ಬಿಟ್ಟವಳಲ್ಲ. ಆ ಬಾಯಿಗೆ ಇದ್ದದ್ದು ಒಂದೇ ಬೀಗ, ಅಳಿಯ ಪ್ಯಾಟಿಸನ್. ಅತ್ತೆ ಅಳಿಯಂದಿರು ಒಬ್ಬರ ಹೆಸರನ್ನೊಬ್ಬರು ಎತ್ತುವಂತಿಲ್ಲ, ಮುಟ್ಟುವಂತಿಲ್ಲ; ಎದುರಾದರೆ ಒಬ್ಬರು ದಾರಿ ಬಿಟ್ಟು ಪೊದೆಗಿಳಿಯಬೇಕು. ಹೆಸರು ಬಾಯಿ ತಪ್ಪಿ ಬಂದರೆ ದಂಡವಾಗಿ ಆ ಹೆಸರಿನವರಿಗೆ ಒಂದು ಹಂದಿ ಕೊಡಬೇಕು. ಮಾತಾಡಲೇಬೇಕಾದಾಗ ಅವಳು ಕೋಳಿಗೆ ಹೇಳುತ್ತಿದ್ದಳು, ಅವನು ಮರಕ್ಕೆ. ಮಗಳು ಎಡಿತ್ ಮದುವೆಯಾದ ಮೇಲೆ ಆ ಮನೆಯ ಗುಟ್ಟೆಲ್ಲ ಅಂಗಳದ ಕೋಳಿಗಳಿಗೇ ಚೆನ್ನಾಗಿ ಗೊತ್ತಿತ್ತು.

ಅಂದು ಬೆಳಿಗ್ಗೆ ಎಡಿತ್ ಗುಡ್ಡದ ಮೇಲಿನ ಗೆಣಸಿನ ತೋಟಕ್ಕೆ ಹೋಗಿದ್ದಳು. ಮೊಣಕಾಲು ಊದಿಕೊಂಡಿದ್ದ ರೋವಿಲ್ ಅಡುಗೆ ಗುಡಿಸಲಿನಲ್ಲಿ ಕೂತು ಸುಟ್ಟ ಜೀಗುಜ್ಜೆ ಕಾಯಿ ಕುಟ್ಟುತ್ತಿದ್ದಳು. ನೆಲ ನಡುಗಿತು. ಅದೇನೂ ಹೊಸದಲ್ಲ, ಮಡಕೆ ಹಿಡಿದುಕೊಂಡು ಸುಮ್ಮನಿದ್ದರೆ ತಾನಾಗಿ ನಿಲ್ಲುತ್ತದೆ. ಈ ಸಲ ನಿಲ್ಲಲಿಲ್ಲ. ಮಡಕೆ ಹೋಯಿತು, ಗೋಡೆಯ ಬಿದಿರು ತಡಿಕೆಯೂ ಹೋಯಿತು. ನಿಂತಮೇಲೆ ನೋಡಿದರೆ ಸಮುದ್ರ ಹಿಂದಕ್ಕೆ ಸರಿದು ಹವಳದ ಬಂಡೆಗಳೆಲ್ಲ ಬರಿಮೈಯಲ್ಲಿ ನಿಂತಿದ್ದವು. ಊರೆಲ್ಲ ಗುಡ್ಡಕ್ಕೆ ಓಡುತ್ತಿತ್ತು. ಅವಳಿಗೆ ಏಳಲಾಗಲಿಲ್ಲ. ಹೆದರಿಕೆಯಾಯಿತು.

ಅಷ್ಟರಲ್ಲಿ ಪ್ಯಾಟಿಸನ್ ಏದುಸಿರು ಬಿಡುತ್ತ ಬಂದು ಬೆನ್ನು ತಿರುಗಿಸಿ ನಿಂತ.

"ಮರವೇ, ಒಳಗಿರೋರಿಗೆ ಹೇಳು, ನೀರು ಬರತ್ತೆ. ಹೊತ್ಕೊಂಡು ಹೋಗ್ತೀನಿ."

"ಕೋಳೀ, ಹೇಳೇ ಅವರಿಗೆ, ಮುಟ್ಟೋ ಹಾಗಿಲ್ಲ. ನಾನು ಇಲ್ಲೇ ಸಾಯ್ತೀನಿ."

"ಅವರು ಇಲ್ಲಿ ಸತ್ರೆ, ಎಡಿತ್ ಅಲ್ಲಿ ನನ್ನ ಸಾಯಿಸ್ತಾಳೆ."

ಇದು ನಿಜವೇ ಎಂದು ರೋವಿಲ್‌ಗೂ ಅನ್ನಿಸಿತು. ಪಕ್ಕದ ಚಾಪೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡಳು. "ಇಲ್ಲೊಂದು ಗೆಣಸಿನ ಮೂಟೆ ಇದೆ. ಬೇಕಾದೋರು ಎತ್ಕೊಂಡು ಹೋಗ್ಲಿ."

ಮೂಟೆ ಬೆನ್ನೇರಿತು. ಆದರೆ ಆ ಮೂಟೆಗೆ ಬಾಯಿ ಮುಚ್ಚಿಕೊಂಡಿರಲು ಗೊತ್ತಿರಲಿಲ್ಲ. "ಆ ಕಡೆ ಜಾರತ್ತೆ, ಈ ಕಡೆಯಿಂದ ಹತ್ಲಿ. ಅಯ್ಯೋ, ನನ್ನ ಹಂದಿ ಕಟ್ಟಿದಲ್ಲೇ ಇದೆಯಲ್ಲ. ಮರಿಯಿಂದ ಸಾಕಿದ್ದು, ಪಾಪ."

"ಈ ವರ್ಷದ ಗೆಣಸು ಬಹಳ ಮಾತಾಡತ್ತೆ ಮರವೇ," ಎಂದ ಪ್ಯಾಟಿಸನ್.

ಗುಡ್ಡದ ಮೇಲೆ ಎಡಿತ್ ಚಾಪೆ ಬಿಚ್ಚಿದಾಗ ಅವನಿರಲಿಲ್ಲ. ಹಂದಿ ಬಿಚ್ಚಿ ಬರುತ್ತೇನೆಂದು ಕೆಳಗೆ ಓಡಿದ್ದ. ರೋವಿಲ್‌ಳ ನಾಲಿಗೆಯೇ ಅವನನ್ನು ಕೆಳಗೆ ಕಳಿಸಿತ್ತು. ಅವನು ಸಮುದ್ರಕ್ಕೆ ಬೆನ್ನು ಹಾಕಿ, ಬಗ್ಗಿ ಗಂಟು ಬಿಚ್ಚುತ್ತಿದ್ದ. ಅವನ ಹಿಂದೆ ದೂರದಲ್ಲಿ ಬಿಳಿ ಗೆರೆಯೊಂದು ದಪ್ಪವಾಗುತ್ತಿತ್ತು. ಎಲ್ಲರೂ ಕೂಗಿದರು. ಎಡಿತ್ ಕೂಗಿ ಕೂಗಿ ಗಂಟಲು ಕಟ್ಟಿತು. ಆ ಗದ್ದಲದಲ್ಲಿ ಯಾರು ಯಾರನ್ನು ಕರೆಯುತ್ತಿದ್ದಾರೆಂದೇ ತಿಳಿಯುವಂತಿರಲಿಲ್ಲ, ಅವನು ತಲೆಯೆತ್ತಲಿಲ್ಲ.

ರೋವಿಲ್ ಕೊಂಬೆ ಹಿಡಿದು ಎದ್ದು ನಿಂತಳು.

"ಪ್ಯಾಟಿಸನ್!"

ಗುಡ್ಡವೆಲ್ಲ ಗಪ್‌ಚಿಪ್ ಆಯಿತು. ಕೆಳಗೆ ಅವನು ಬೆಚ್ಚಿಬಿದ್ದು ತಲೆಯೆತ್ತಿದ. ಊರಿನ ಕೈಗಳೆಲ್ಲ ಸಮುದ್ರದತ್ತ ಚಾಚಿದ್ದು ಕಂಡು ಹಿಂತಿರುಗಿ ನೋಡಿದ. ಕೈಯಲ್ಲಿದ್ದ ಗಂಟು ಸಡಿಲವಾಗಿ ಹಂದಿ ಮುಂದೆ, ಅವನು ಹಿಂದೆ, ಎದ್ದೆವೋ ಬಿದ್ದೆವೋ ಎಂದು ಗುಡ್ಡ ಹತ್ತಿದರು. ನೀರು ಅಡುಗೆ ಗುಡಿಸಲನ್ನೂ ಊರಿನ ದೋಣಿಗಳನ್ನೂ ಕೊಂಡೊಯ್ಯಿತು. ಜನರಲ್ಲಿ ಒಬ್ಬರನ್ನೂ ಒಯ್ಯಲಿಲ್ಲ.

ಸಂಜೆ ಊರ ಹಿರಿಯ ವೆಸ್ಟನ್ ದೊಡ್ಡ ಮನಸ್ಸು ಮಾಡಿದ. "ಹೆಸರು ಕೂಗಿದ್ದು ಜೀವ ಉಳಿಸೋಕೆ ಅಲ್ವೇನಮ್ಮ. ದಂಡ ಬೇಡ ಬಿಡು."

ರೋವಿಲ್ ಉರಿದುಬಿದ್ದಳು. "ಬೇಡ ಅನ್ನೋಕೆ ನೀನ್ಯಾರೋ? ನನ್ನಳಿಯನ ಹೆಸರು ಅಂದ್ರೆ ಬಿಟ್ಟಿ ಬಿದ್ದಿದೆಯಾ?"

ಕುಂಟುತ್ತ ಹಂದಿಯ ಹಗ್ಗವನ್ನು ತಂದು, ಮೈ ತಾಗದಂತೆ ಅಳಿಯನ ಕೈಗೇ ಕಟ್ಟಿದಳು. ಪ್ಯಾಟಿಸನ್ ಮರದ ಕಡೆ ಮುಖ ಮಾಡಿ ನಿಂತಿದ್ದ. ಹಗ್ಗವನ್ನು ಬಿಗಿಯಾಗಿ ಹಿಡಿದು ಮರಕ್ಕೆ ತಲೆಬಾಗಿದ.